ಹಿಂದಿನ ಸೀಟಿನ ಭಾರ

ಮೂಟೆ ಮತ್ತೆ ಅವಳ ಕಡೆಗೇ ವಾಲಿತು, ಅಯ್ಯೋ ಶಿವನೇ, ಮರಳು ಮೂಟೆಗೂ ಮೈಮೇಲೆ ಬೀಳುವ ಚಾಳಿಯೇ ಎಂದುಕೊಂಡು ಕಮಲಾಕ್ಷಿ ಮೊಣಕೈಯಿಂದ ಅದನ್ನು ಆಚೆ ನೂಕಿದಳು, ಗೋಣಿಯ ಸೆಣಬು ಸೀರೆಗೆ ಹತ್ತಿ ಚುಚ್ಚುತ್ತದೆ, ಎಣ್ಣೆ, ಹಳೇ ಚರ್ಮ, ಸೀಟು ಹರಿದು ಆಚೆ ಬಂದ ತೆಂಗಿನ ನಾರು, ಎಲ್ಲ ಸೇರಿ ಕಾರಿನೊಳಗೆ ಒಂದು ಬಗೆಯ ಸೆಕೆಯ ವಾಸನೆ — ಕಿಟಕಿಯ ಗಾಜು ಅರ್ಧಕ್ಕೆ ಇಳಿದು ಅಲ್ಲೇ ಸಿಕ್ಕಿಕೊಂಡಿದೆ, ಬಾಗಿಲಿಗೆ ಒಳಗಡೆ ಹಿಡಿಯೇ ಇಲ್ಲ, ಮಾವನವರ ಕಾಲದಲ್ಲೇ ಮುರಿದದ್ದಂತೆ, ಹೊರಗಿನಿಂದ ಯಾರಾದರೂ ತೆಗೆದರೆ ಇಳಿಯಬೇಕು, ಹೆಂಗಸರು ಕೂರುವ ಕಡೆ ತಾನೇ, ಅವರಿಗೇನು ಅವಸರ. ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ಮುನಿರಾಜುವಿನ ಈ ಶೆಡ್ಡಿಗೆ ಬಂದಾಗ ಅವಳು ಹೊಂಗೆ ಮರದ ಕೆಳಗೆ ಹಾಯಾಗಿ ನಿಂತಿದ್ದವಳು, ಆದರೆ ಹಿಂದಿನ ಚಕ್ರದ ಮೇಲೆ ಕಾರಿನ ಭಾರ ಹೊರುವ, ಮುರಿದ ಕಮಾನು ಪಟ್ಟಿ ತೆಗೆದು ಬೇರೆ ಹಾಕಿದ ಮೇಲೆ ಅದು ತಡೆಯುತ್ತದೋ ಇಲ್ಲವೋ ಹಿಂದಿನ ಸೀಟಿಗೆ ಭಾರ ಹೇರಿ ನೋಡಬೇಕು, ಅದು ಮುನಿರಾಜುವಿನ ಪದ್ಧತಿ — ಅಮ್ಮಾವ್ರೇ, ನೀವೊಸಿ ಹಿಂದುಗಡೆ ಕೂತ್ಕಳಿ, ಪಕ್ಕದಾಗೆ ಒಂದ್ ಮೂಟೆ ಇಡ್ತೀನಿ, ಯಾರೋ ನೆಂಟ್ರು ಅಂದ್ಕಳಿ — ನಕ್ಕ, ಇವರೂ ನಕ್ಕರು, ಅವಳೂ ನಕ್ಕಿರಬೇಕು, ಮದುವೆಯಾದಾಗಿನಿಂದ ಯಾರು ನಕ್ಕರೂ ಜೊತೆಗೆ ನಗುವುದು ರೂಢಿಯಾಗಿಬಿಟ್ಟಿದೆ.

ಇವರು ಅಂದರೆ ಪಂಚಾಕ್ಷರಿ, ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ, ಮನಸ್ಸಿನಲ್ಲಿ ಹೇಳಿಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ, ಪಂಚಾಕ್ಷರಿ, ಪಂಚಾಕ್ಷರಿ — ಅಗೋ ಅಲ್ಲಿ ಬಗ್ಗಿ ನಿಂತು ಗುಜರಿ ರಾಶಿಯೊಳಗೆ ಕಣ್ಣು ನೆಟ್ಟಿದ್ದಾರೆ, ಹೊಸ ಪಟ್ಟಿ ಮದರಾಸಿನಿಂದ ತರಿಸಬೇಕು, ಅದು ನಮ್ಮ ಯೋಗ್ಯತೆಗೆ ಮೀರಿದ್ದು, ಉಳಿದದ್ದು ಎರಡೇ, ಒಂದು ಇದೇ ಜಾತಿಯ ಹಳೇ ಕಾರಿನಿಂದ ಬಿಚ್ಚಿದ್ದು, ಮೆತ್ತಗಿನದು, ಈಗ ಹಾಕಿರುವುದು, ಇನ್ನೊಂದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಯದು, ಕಬ್ಬಿಣದ ಕಡಲೆ, ಎತ್ತಿನಗಾಡಿಯ ಹಾಗೆ ಎತ್ತಿ ಕುಕ್ಕಿದರೂ ಮುರಿಯುವುದಿಲ್ಲವಂತೆ. ಎರಡಕ್ಕೂ ರೇಟು ಒಂದೇ ಸಾಮಿ, ಯಾವ ದಾರೀಲಿ ಓಡಾಡ್ತೀರಿ ಏಳಿ, ರಾಜಾಜಿನಗರದ ಟಾರು ರೋಡಾದ್ರೆ ಮೆತ್ತಂದು ಸಾಕು, ಕೆಂಗೇರಿ ಕಡೆ ಗಾಡಿಜಾಡಾದ್ರೆ ಮಿಲಿಟರಿದೇ ಬೇಕು, ಎಂದು ಮುನಿರಾಜು ಕೇಳಿದ್ದು ಎಷ್ಟು ನೇರವಾದ ಮಾತು, ಇವರು ಗಂಟಲು ಸರಿಮಾಡಿಕೊಂಡರು, ಎಲ್ಲಾ ಕಡೇನೂ ಓಡಾಡ್ತದಪ್ಪ, ನೋಡಾಣ — ಅಡ್ಡಗೋಡೆಯ ಮೇಲೆ ದೀಪ, ಎಂದಿನ ಹಾಗೆ. ಒಂದು ಮಾತು, ರಾಜಾಜಿನಗರ ಅಂತ ಒಂದೇ ಒಂದು ಮಾತು ಹೇಳಿದ್ದರೆ ಆಗಿಹೋಗುತ್ತಿತ್ತು. ಆ ಪಟ್ಟಿ ಮುರಿದ ದಿನ ಕೆಂಗೇರಿಯ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳಿಗೆ ಟಣ್ ಎಂದು ಕೇಳಿಸಿತ್ತು, ಹಳ್ಳದ ಏರಿನಲ್ಲಿ ಕಾರು ಒಂದು ಕಡೆ ಕುಸಿದು ನಿಂತಿತ್ತು, ರಾತ್ರಿ ಇವರು ಕಿವಿಯ ಹತ್ತಿರ ಬಂದು, ನೋಡೇ, ಒಳ್ಳೇದೇ ಆಯ್ತು, ಈ ದಾರೀಲಿ ಇನ್ನು ಕಾರು ತಡೆಯಲ್ಲ ಅಮ್ಮಾ, ನನ್ನ ಫ್ಯಾಕ್ಟರಿ ಹತ್ರಾನೇ ರಾಜಾಜಿನಗರದಲ್ಲಿ ಮನೆ ಮಾಡ್ಬೇಕಾಗುತ್ತೆ ಅಂತ ಹೇಳಿಬಿಡ್ತೀನಿ, ಅಮ್ಮನ ಮಾತೂ ಮುರಿದ ಹಾಗಾಗಲ್ಲ, ನಿನ್ನ ಸ್ಕೂಲೂ ಆಗುತ್ತೆ — ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆಗಲಿ, ಅವಳಿಗೆ ಸ್ಕೂಲು ಸಿಕ್ಕರೆ ಸಾಕಿತ್ತು, ನೆಪ ಯಾವುದಾದರೇನು, ಕಬ್ಬಿಣದ್ದಾದರೂ ಸರಿ, ಮಿಲಿಟರಿ ಪಟ್ಟಿ ಬಿದ್ದರೆ ಆ ನೆಪವೂ ಹೋಯಿತು. ರಾಜಾಜಿನಗರದ ಪ್ರೈಮರಿ ಸ್ಕೂಲಿನಲ್ಲಿ ಜೂನ್ ಒಂದನೇ ತಾರೀಖು ಬಂದು ಟೀಚರಾಗಿ ಸೇರಿಕೊಳ್ಳಿ ಎಂದು ಹೆಡ್‌ಮಾಸ್ಟರು ಸೇತುರಾಮಯ್ಯನವರು ಹೇಳಿಕಳಿಸಿದ್ದಾರೆ, ಬರದಿದ್ದರೆ ಬೇರೆಯವರು ಕಾದಿದ್ದಾರಮ್ಮ, ಹತ್ತಿರದಲ್ಲೇ ಜಗದಾಂಬಾ ಎಂಬುವರು ಬಾಡಿಗೆಗೆ ಕೊಡುವ ಹೊರಮನೆ ನೋಡಿ ಬಂದದ್ದೂ ಆಯಿತು, ಒಂದು ಕೋಣೆ, ಒಂದು ಅಡಿಗೆಮನೆ, ಗೋಡೆಯ ಸುಣ್ಣ ಇನ್ನೂ ಕೈಗೆ ಅಂಟುತ್ತಿತ್ತು, ಬೆರಳ ತುದಿ ಬೆಳ್ಳಗಾದದ್ದನ್ನು ನೋಡಿ ಸೀಮೆಸುಣ್ಣ ಹಿಡಿದವಳಂತೆ ಒಬ್ಬಳೇ ಹಿಗ್ಗಿದ್ದಳು.

ಅತ್ತೆ ಬಸವ್ವನವರೇನು ದಡ್ಡರೇ, ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಲೇ, ಗಟ್ಟಿದು ಹಾಕಿಸ್ಕೊಂಡು ಬಾ ಮಗಾ, ನಾನೂ ಕೂತ್ರೆ ತಡೀಬೇಕು, ದಿನಾ ಇಲ್ಲಿಂದ್ಲೇ ಓಡಾಡುವಿಯಂತೆ ಎಂದರು, ಅವಳ ಕಡೆ ತಿರುಗಿಯೂ ನೋಡಲಿಲ್ಲ, ನೋಡುವುದೇಕೆ, ಮಾತು ತಲುಪಬೇಕಾದಲ್ಲಿಗೆ ತಲುಪಿತು — ನಮ್ಮ ಹೊಸ್ತಿಲು ದಾಟಿ ಸಂಬಳಕ್ಕೆ ಹೋದ ಸೊಸೆ ಈ ಕೇರೀಲಿ ಯಾರಿದ್ದಾರೆ ತೋರ್ಸು ಎಂದು ಹೋದ ವರ್ಷವೇ ಹೇಳಿದ್ದಾರೆ, ಕೆಂಗೇರಿಯಲ್ಲಿರುವ ತನಕ ಸ್ಕೂಲಿಲ್ಲ, ಅದು ಕಲ್ಲಿನ ಮೇಲೆ ಬರೆದ ಮಾತು. ಮುನಿರಾಜು ಹಿಂದಿನ ಚಕ್ರದ ಹತ್ತಿರ ಕೂತು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿದ, ಕೈ ಹೋದರೆ ಪಟ್ಟಿ ತಡೆದ ಲೆಕ್ಕ, ಮಣಿಕಟ್ಟಿನ ತನಕ ಸಲೀಸಾಗಿ ಹೋಯಿತು, ಸಖತ್ತಾಗೈತೆ ಸಾಮಿ, ಇಬ್ರು ಮೂವರಿಗೆ ಏನೂ ಮೋಸಿಲ್ಲ, ಬೋಲ್ಟು ಬಿಗಿದುಬಿಡ್ಲಾ — ಬಿಗಿ ಮುನಿರಾಜು, ಬಿಗಿದುಬಿಡಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ, ಎಂದು ಅವಳ ಒಳಗೊಳಗೇ ಕೂಗು, ಅಷ್ಟರಲ್ಲಿ ಇವರ ದನಿ, ತಾಳಪ್ಪಾ, ಅಮ್ಮಂದೂ ಒಂದು ಲೆಕ್ಕ ಹಾಕಿ ನೋಡಿಬಿಡು, ಅಮ್ಮ ಸ್ವಲ್ಪ ದಪ್ಪ, ಎರಡು ಮೂಟೆ ಇಡು. ಎರಡು ಮೂಟೆ! ರಾಜಾಜಿನಗರಕ್ಕೆ ಅತ್ತೆ ಯಾಕೆ ಬರುತ್ತಾರೆ, ಹಸು, ಹಿತ್ತಲು, ಗದ್ದುಗೆಯ ಪೂಜೆ ಬಿಟ್ಟು ಅವರು ಕದಲುವವರಲ್ಲ ಎಂದು ಹೇಳಿದವರು ನೀವೇ ಅಲ್ಲವೇ. ಒಂದು ಮೂಟೆ ಆ ಕಡೆಯ ಬಾಗಿಲಿನಿಂದ ಬಂತು, ಇನ್ನೊಂದು ಅವಳ ಕಾಲ ಮೇಲೇ ಬರುವ ಹಾಗೆ ಬಂತು, ಮೂರೂ ಸೇರಿ ಅವಳನ್ನು ಬಾಗಿಲಿಗೆ ಒತ್ತಿದವು, ಕಾರು ಕೆಳಗೆ ಕುಯ್ ಎಂದು ಕುಸಿಯಿತು, ಉಸಿರು ಕಟ್ಟಿದಂತಾಗಿ ಅವಳು ಹಿಡಿಯಿಲ್ಲದ ಬಾಗಿಲನ್ನು ತಡಕಿದಳು, ನಾನಿಳೀತೀನಿ, ಬಾಗಿಲು ತೆಗೀರಿ, ಎಂದದ್ದು ಅವಳಿಗೇ ಕೇಳಿಸದಷ್ಟು ಸಣ್ಣಗೆ, ಆದರೂ ಮುನಿರಾಜುವಿಗೆ ಕೇಳಿಸಿತು, ಬ್ಯಾಡಿ ಅಮ್ಮಾವ್ರೇ, ನೀವಿಳುದ್ರೆ ಲೆಕ್ಕ ತಪ್ಪೋಯ್ತದೆ.

ಲೆಕ್ಕ, ಹೌದಲ್ಲ, ಅವಳೂ ಈಗ ಒಂದು ತೂಕ, ಅತ್ತೆಯ ಎರಡು ಮೂಟೆಗೆ ಜೊತೆಯಾಗಿ ತನ್ನ ಸ್ಕೂಲನ್ನು ತಾನೇ ಅದುಮುತ್ತ ಕೂತವಳು, ಇದಕ್ಕಿಂತ ಬೇರೆ ಕರ್ಮ ಬೇಕೇ — ಥಟ್ಟನೆ ಹೊಳೆಯಿತು, ಅವಳು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಳು, ಪಾದ ಕಾರಿನ ನೆಲದಲ್ಲೇ ಇದ್ದರೂ ಹಿಂದಿನ ಭಾರ ಒಂದಿಷ್ಟಾದರೂ ಕಡಿಮೆಯಾಗಲಿ ಎಂದು ಮುಂದಕ್ಕೆ ಜಗ್ಗಿ, ಸೀಟಿನಿಂದ ಮೈ ಮೇಲಕ್ಕೆತ್ತಿ, ಹಲ್ಲು ಕಚ್ಚಿ, ಹಗುರಾಗು, ಹಗುರಾಗು ಎಂದು ತನಗೇ ಹೇಳಿಕೊಳ್ಳುತ್ತ, ಮೈಯೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರದ ಮೇಲೆ ಒಂದಿಷ್ಟು ಸಡಿಲವಾಯಿತೇನೋ, ಕೆಳಗೆ ಮುನಿರಾಜುವಿನ ಕೈ ತಡಕಾಡುತ್ತಿದೆ, ಎರಡು ಬೆರಳು ಹೋಯ್ತದೆ ಸಾಮಿ, ಪರವಾಗಿಲ್ಲ, ತಡೀತೈತೆ, ಮೆತ್ತಂದೇ ಸಾಕು — ಶಿವನೇ, ತಡೆಯಿತು! ಅವಳು ಕತ್ತೆತ್ತಿದಾಗ ಅರ್ಧ ಗಾಜಿನ ಆಚೆ ಇವರ ಮುಖ, ತೀರಾ ಹತ್ತಿರ, ಅವಳ ಎತ್ತಿದ ಮೈಯನ್ನು, ಬಿಗಿದ ತೋಳನ್ನು, ಸೀಟಿನ ಬೆನ್ನಿಗೆ ಅಂಟಿದ ಬೆರಳುಗಳನ್ನು ನೋಡುತ್ತಿದ್ದಾರೆ, ಎಲ್ಲ ಅರ್ಥವಾಗಿದೆ, ಅರ್ಥವಾದದ್ದು ಅವರ ಕಣ್ಣಲ್ಲೇ ಇದೆ, ಪಂಚಾಕ್ಷರಿ, ಸುಮ್ಮನಿರಿ, ನಿಮ್ಮ ದಮ್ಮಯ್ಯ, ನೀವು ಏನೂ ಹೇಳಬೇಡಿ, ಏನೂ ಹೇಳದಿದ್ದರೆ ಸಾಕು, ಇಷ್ಟು ವರ್ಷ ಸುಮ್ಮನಿದ್ದ ಹಾಗೆ ಇದೊಂದು ಸಲ ಸುಮ್ಮನಿದ್ದುಬಿಡಿ — ಕಮಲಾ, ಅವರು ಮೆಲ್ಲಗೆ ಅಂದರು, ಸರಿಯಾಗಿ ಕೂತ್ಕೋ, ಪೂರ್ತಿ ಭಾರ ಬಿಡು. ಅವಳು ಕೂತಳು. ಕೆಳಗೆ ಮುನಿರಾಜು ಕೈ ತೂರಿಸುತ್ತಿದ್ದಾನೆ, ಟೈರು, ಮಡ್‌ಗಾರ್ಡು, ನಡುವೆ ಅವನ ಕೈ, ಹೋಗುತ್ತಿಲ್ಲ, ಮಸಿ ಹಿಡಿದ ಒಂದು ಬೆರಳು, ಅದರ ಉಗುರು, ಹೋಗುತ್ತಿಲ್ಲ, ಕೈ ಒಳಗೆ ಹೋಗುತ್ತಿಲ್ಲ