ಅಳಿಯನ ಎಲೆ

ಕೋಲಾರದ ಸೀಮೆಯಲ್ಲಿ ಬೀಗರೂಟದ ದಿನ ಮಾಂಸದ ಬಕೆಟ್ಟನ್ನು ಯಾರ ಕೈಗೆ ಕೊಡುವುದು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಸರ್ಕಾರವನ್ನು ತಪ್ಪು ಕೈಗೆ ಕೊಟ್ಟರೆ ಐದು ವರ್ಷಕ್ಕೆ ತಿದ್ದಿಕೊಳ್ಳಬಹುದು. ಬಕೆಟ್ಟನ್ನು ತಪ್ಪು ಕೈಗೆ ಕೊಟ್ಟರೆ ಎರಡು ಮನೆತನಗಳು ಮೂರು ತಲೆಮಾರು ಮಾತು ಬಿಡುತ್ತವೆ. ಹೀಗಾಗಿ, ಯಲ್ದೂರಿನಲ್ಲಿ ಹೆಣ್ಣಿನ ತಂದೆ ಕೋದಂಡರಾಮಪ್ಪನ ಮಾವಿನ ತೋಪಿನಲ್ಲಿ, ಶಾಮಿಯಾನದ ಹಿಂದೆ, ಮಧ್ಯಾಹ್ನ ಹನ್ನೆರಡೂವರೆಗೆ ಕ್ಯಾಟರಿಂಗ್ ಚಂದ್ರಮೋಹನ್ ಆ ಸ್ಟೀಲ್ ಬಕೆಟ್ಟನ್ನು ನರಬಹಾದುರನ ಕೈಗಿತ್ತಾಗ ಮುದ್ದೆ ಕಟ್ಟುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿ ನೋಡಿದರು.

"ಎಲೆಗೆ ಮೂರು ಪೀಸು, ಅದ್ರಲ್ಲೊಂದು ಮೂಳೆ," ಎಂದ ಚಂದ್ರಮೋಹನ್. "ಯಾರು ಏನ್ ಕೂಗಿದ್ರೂ ಅಷ್ಟೇ. ಮುಖ ನೋಡ್ಬೇಡ, ಎಲೆ ನೋಡು. ಮುಖ ನೋಡಿದ್ಯೋ, ಕೆಟ್ಟೆ."

"ಆಯ್ತಣ್ಣ."

"ಅಳಿಯನ್ನ ನಾನ್ ನೋಡ್ಕೋತೀನಿ. ಅವ್ನಿಗೆ ಅಲ್ಲಿ ಬೇರೆ ಟೇಬಲ್ ಹಾಕ್ಸಿದೀನಿ. ನೀನು ಆ ಕಡೆ ತಲೇನೂ ಹಾಕ್ಬೇಡ."

ಚಂದ್ರಮೋಹನ್ ಮಾಲೂರಿನವನು. ಹೋದ ತಿಂಗಳು ಶ್ರೀನಿವಾಸಪುರದ ಒಂದು ಬೀಗರೂಟದಲ್ಲಿ ಅವನ ಹಳೆಯ ಆಳು ಗೋಪಿ ತನ್ನ ಸೋದರಮಾವನ ಎಲೆಗೆ ಏಳು ತುಂಡು, ಪಕ್ಕದ ಬೀಗನ ಎಲೆಗೆ ಎರಡು ತುಂಡು ಹಾಕಿದ್ದ. ಹನ್ನೊಂದು ಕುರ್ಚಿ ಮುರಿದಿದ್ದವು; ಒಂದು ಹಂಡೆ ಸಾರು ನೆಲದ ಪಾಲಾಗಿತ್ತು. ಅಂದಿನಿಂದ ಚಂದ್ರಮೋಹನ್‌ಗೆ ಬಕೆಟ್ ಹಿಡಿಯುವವನದೇ ಚಿಂತೆ. ಮಾಲೂರಿನಿಂದ ಮುಳಬಾಗಿಲಿನವರೆಗೆ ಯಾವ ಮದುವೆಗೆ ಹೋದರೂ ಅವನ ಆಳುಗಳಲ್ಲಿ ಒಬ್ಬನಿಗಾದರೂ ಅಲ್ಲೊಬ್ಬ ಮಾವನೋ ಷಡ್ಡಕನೋ ಹುಟ್ಟಿಕೊಳ್ಳುತ್ತಿದ್ದ. ಇಡೀ ಜಿಲ್ಲೆಯಲ್ಲಿ ಒಬ್ಬ ನೆಂಟನೂ ಇಲ್ಲದ ಗಂಡಸು ಬೇಕೆಂದು ಹುಡುಕುತ್ತಿದ್ದವನಿಗೆ ಸಿಕ್ಕಿದವನು ನರಬಹಾದುರ.

ನರಬಹಾದುರ ನೇಪಾಳದ ಪಶ್ಚಿಮದ ಬೆಟ್ಟಗಳವನು. ಆರು ವರ್ಷದಿಂದ ಲಕ್ಕೂರಿನ ಹತ್ತಿರ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದ. ಗೇಟಿಗೆ ಹೊಸ ಏಜೆನ್ಸಿ ಬಂದ ದಿನವೇ ಕೆಲಸವೂ ಹೋಯಿತು, ಗೇಟಿನ ಪಕ್ಕದ ಕೋಣೆಯೂ ಹೋಯಿತು. ಎಂಟು ದಿನದಿಂದ ಹೆಂಡತಿ ಮತ್ತು ಮಗಳು ಪರಿಚಯದವರೊಬ್ಬರ ಜಗಲಿಯಲ್ಲಿದ್ದರು. ಮಗಳು ಲಕ್ಕೂರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮಗ್ಗಿ ಹೇಳುವುದು ಕನ್ನಡದಲ್ಲಿ, ಅಪ್ಪನ ಕನ್ನಡ ತಿದ್ದುವುದೂ ಅವಳೇ. ಚಂದ್ರಮೋಹನ್‌ನ ಮಾತು ಸರಳವಾಗಿತ್ತು. ಇವತ್ತು ಜಗಳವಿಲ್ಲದೆ ಊಟ ಮುಗಿದರೆ ಕೆಲಸ ಖಾಯಂ. ಲಕ್ಕೂರಿನಲ್ಲಿರುವ ಪಾತ್ರೆ ಗೋಡೌನಿನ ಹಿಂದಿನ ಕೋಣೆಯೂ ಸಂಸಾರಕ್ಕೆ ಸಿಗುತ್ತದೆ. ಜಗಳವಾದರೆ ಊರಿಗೆ ಮರಳುವ ಗೋರಖಪುರದ ರೈಲು, ಅಲ್ಲಿಂದಾಚೆ ಬೆಟ್ಟ ಹತ್ತುವ ಬಸ್ಸು. ಇದನ್ನು ಚಂದ್ರಮೋಹನ್ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹಾಕಿಕೊಳ್ಳಲು ಕೊಟ್ಟದ್ದು ಗೋಪಿಯ ಅಂಗಿ. ಜೇಬಿನ ಮೇಲೆ ಕೆಂಪು ದಾರದಲ್ಲಿ 'ಗೋಪಿ' ಎಂದು ಹೊಲಿದಿತ್ತು.

ಮೊದಲ ಸಾಲಿಗೆ ಮುದ್ದೆ ಬಿದ್ದಿತ್ತು. ಹಿಂದೆಯೇ ನರಬಹಾದುರ ಬಾಗಿಕೊಂಡು ಹೊರಟ. ಎಲೆ, ಮೂರು. ಎಲೆ, ಮೂರು. ಪ್ರತಿ ಕುರ್ಚಿಯ ಬೆನ್ನಿಗೂ ಮುಂದಿನ ಸರದಿಗೆ ಕಾಯುವವರು ನಿಂತಿದ್ದರು. ಅವರ ಮೊಣಕೈಗಳ ನಡುವೆ ನುಸುಳಿ ಸೌಟು ಚಾಚಬೇಕಾಗಿತ್ತು.

"ಏ ಗೋಪಿ, ಇಲ್ಲೊಂದು ಲಿವರ್ ಹಾಕೋ."

"ಗೋಪಿ ಅಲ್ಲ ಕಣೋ ಅವ್ನು. ಮುಖ ನೋಡು, ಗೂರ್ಖ."

"ಗೂರ್ಖಂಗೆ ಕನ್ನಡ ಬರಲ್ಲ ಬಿಡ್ಲಾ."

"ಕನ್ನಡ ಬರ್ದಿದ್ರೆ ನನ್ ಎಲೆಗೇ ಹುಡುಕಿ ಹುಡುಕಿ ಬರೀ ಮೂಳೆ ಹೆಂಗ್ ಹಾಕ್ದ?"

ನಕ್ಕರು. ನರಬಹಾದುರ ತಲೆ ಎತ್ತಲಿಲ್ಲ. ಸಾಲಿನ ಕೊನೆಯಲ್ಲಿ ಮದುವಣಗಿತ್ತಿಯ ಅಜ್ಜಿ ಬಚ್ಚಮ್ಮ ಅವನ ತೋಳು ಹಿಡಿದು ಎಳೆದಳು. "ನೋಡ್ ಮಗಾ, ಗಂಡಿನ್ ಕಡೆಯೋರ್ಗೆ ಒಂದೊಂದು ಜಾಸ್ತಿ ಬೀಳ್ಲಿ. ನಮ್ ಮನೆ ಮರ್ಯಾದೆ." ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವಳದೇ ಕಿರಿಮಗ ಇನ್ನೊಂದು ತೋಳು ಹಿಡಿದ. "ಹೆಣ್ಣಿನ್ ಕಡೆಯೋರು ಅಂತ ನಮಗೆ ಕಮ್ಮಿ ಹಾಕ್ಬೇಡ ಕಣಯ್ಯ, ನಾವೂ ಮನುಷ್ಯರೇ."

"ಮೂರು ಅಮ್ಮ, ಮೂರು ಅಣ್ಣ," ಎಂದು ಇಬ್ಬರಿಗೂ ಹೇಳಿದ. ಅಂಗಿ ಬೆನ್ನಿಗಂಟಿತ್ತು. ಆದರೆ ಮೊದಲ ಸಾಲು ಮುಗಿದಿತ್ತು, ಒಂದು ಕುರ್ಚಿಯೂ ಅಲ್ಲಾಡಿರಲಿಲ್ಲ.

ಎರಡನೆಯ ಸಾಲಿನ ನಡುಮಧ್ಯೆ ಕುಳಿತಿದ್ದವನು ನಂಗಲಿಯ ಮುನಿಯಲ್ಲಪ್ಪ, ಗಂಡಿನ ದೊಡ್ಡಪ್ಪ. ಹೆದ್ದಾರಿಯ ಪಕ್ಕ ಟೈರಿನ ಅಂಗಡಿಯಿಟ್ಟು ಮೂವತ್ತು ವರ್ಷ ಲಾರಿಯವರ ಜೊತೆ ಕೂಗಾಡಿ ದನಿ ಗಟ್ಟಿಯಾದ ಮನುಷ್ಯ. ಅವನು ಬಂದದ್ದು ಉಣ್ಣುವುದಕ್ಕಲ್ಲ, ಎಣಿಸುವುದಕ್ಕೆ. ಬಲಗೈ ಮುದ್ದೆಯಲ್ಲಿತ್ತು, ಕಣ್ಣು ಎಡಬಲದ ಎಂಟು ಎಲೆಗಳ ಮೇಲೆ ಓಡಾಡುತ್ತಿತ್ತು. ಅವನ ಎಲೆಗೆ ಮೂರು ಬಿತ್ತು. ಪಕ್ಕದಲ್ಲಿ ಕುಳಿತಿದ್ದ, ನಂಗಲಿಯಿಂದ ಬೀಗರನ್ನು ಕರೆತಂದ ಬಸ್ಸಿನ ಡ್ರೈವರನ ಎಲೆಗೆ ಮೂರು ಬಿತ್ತು. ಮುನಿಯಲ್ಲಪ್ಪ ಹೂಂ ಎಂದ.

ಮುಂದಿನ ಎಲೆಯ ಅಂಚಿನಲ್ಲಿದ್ದ ಕೈ ಕಂಡು ನರಬಹಾದುರನ ಸೌಟು ಗಾಳಿಯಲ್ಲೇ ನಿಂತಿತು. ಮಣಿಕಟ್ಟಿನಲ್ಲಿ ಅರಿಸಿನದ ಕಂಕಣ. ಬೆರಳಲ್ಲಿ ಇನ್ನೂ ಹೊಳಪು ಕಳೆಯದ ಉಂಗುರ. ಮುಖ ನೋಡಬೇಕಾಗಿರಲಿಲ್ಲ. ಅಳಿಯ ನಂದಕುಮಾರ್ ಒಂಟಿ ಟೇಬಲ್ಲು ಬೇಸರವಾಗಿ ಗೆಳೆಯರ ಸಾಲಿಗೆ ಬಂದು ಕುಳಿತುಬಿಟ್ಟಿದ್ದ. ಅತ್ತ ಚಂದ್ರಮೋಹನ್ ಮುಚ್ಚಿದ ಪಾತ್ರೆ ಹಿಡಿದು, ಖಾಲಿ ಟೇಬಲ್ಲಿನ ಪಕ್ಕ ನಿಂತು, ಅಳಿಯನನ್ನು ಹುಡುಕುತ್ತಿದ್ದ.

ಅಳಿಯನ ಎಲೆಗೆ ಏನು ಬೀಳಬೇಕೆಂದು ನರಬಹಾದುರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನ್ನ ಮದುವೆಯಾದ ಮೇಲೆ ಮೊದಲ ಸಲ ಮಾವನ ಮನೆಗೆ ಹೋದಾಗ ಅತ್ತೆ ಕಂಚಿನ ತಟ್ಟೆಯಲ್ಲಿ ಹೋತದ ಒಂದು ತೊಡೆಯನ್ನೇ ತಂದಿಟ್ಟಿದ್ದಳು. ಅರ್ಧಕ್ಕೇ ಸೋತು ಏಳಹೋದವನನ್ನು ಭುಜ ಒತ್ತಿ ಕೂರಿಸಿ, ಮುಗಿಯುವವರೆಗೂ ಎದುರಿಗೆ ಕುಳಿತಿದ್ದಳು. ಅವರ ಮನೆಯಲ್ಲಿ ಇದ್ದದ್ದು ಎರಡೇ ಹೋತ.

ಆರು ಹಾಕಲೇ? ಪಕ್ಕದಲ್ಲೇ ಎಣಿಸುವವನಿದ್ದಾನೆ. ಮುಖ ನೋಡಿದ್ಯೋ ಕೆಟ್ಟೆ ಎಂದವನು ದೂರದಲ್ಲಿದ್ದಾನೆ. ನರಬಹಾದುರ ಮೂರು ಹಾಕಿದ, ಅದರಲ್ಲೊಂದು ಮೂಳೆ. ಮುಂದಕ್ಕೆ ಹೆಜ್ಜೆಯಿಟ್ಟ.

"ಏಮಯ್ಯಾ, ನಿಲ್ಲು."

ಮುನಿಯಲ್ಲಪ್ಪ ಎಲೆಯಿಂದ ಕೈ ಎತ್ತಿದ್ದ.

"ಎಷ್ಟು ಹಾಕ್ದೆ?"

"ಮೂರು ಸಾರ್."

"ನನ್ ಎಲೇಲಿ ಮೂರು, ಸರಿ. ಡ್ರೈವರ್ ಎಲೇಲಿ ಮೂರು, ಸರಿ. ಅಳಿಯನ್ ಎಲೇಲೂ ಮೂರೇ? ಬಸ್ ಓಡ್ಸೋನೂ ಅಳಿಯನೂ ಒಂದೇನಾ?"

"ದೊಡ್ಡಪ್ಪ, ಬಿಡು, ನಂಗೆ ಸಾಕು," ಎಂದ ನಂದಕುಮಾರ್.

"ನೀನ್ ಸುಮ್ನಿರೋ. ಇದು ನಿನ್ ಹೊಟ್ಟೆ ಮಾತಲ್ಲ."

ಡ್ರೈವರ್ ಮೊದಲು ಕೈ ಎತ್ತಿದ. ಅವನ ಹೆಸರು ಬಂದಿತ್ತಲ್ಲ. ಆಮೇಲೆ ಅವನಾಚೆಯವನು. ಗಾಳಿ ಬೀಸಿದ ಹಾಗೆ ಸಾಲಿನುದ್ದಕ್ಕೂ ಕೈಗಳು ಎದ್ದವು. ಮುದ್ದೆ ಮೆತ್ತಿದ ನಲವತ್ತು ಕೈಗಳು, ಒಂದೂ ಬಾಯಿಗೆ ಹೋಗದೆ, ಎಲೆಗೂ ಇಳಿಯದೆ. ಹೆಂಗಸರ ಸಾಲಿಗೂ ಸುದ್ದಿ ಮುಟ್ಟಿತು. ತೋಪಿನ ಮನೆಯ ಬಾಗಿಲಲ್ಲಿ ನಿಂತಿದ್ದ ಮದುವಣಗಿತ್ತಿ ಶ್ವೇತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಹಿಡಿದಳು.

ಕೋದಂಡರಾಮಪ್ಪ ಓಡಿಬಂದ. "ಬೀಗ್ರೇ, ಬೀಗ್ರೇ, ಏನಾಯ್ತು..."

"ಏನೂ ಆಗಿಲ್ಲ ಬೀಗ್ರೇ. ಒಂದೇ ಒಂದು ಮಾತು ಹೇಳ್ಬಿಡಿ. ಇದು ಹೇಳ್ಕೊಟ್ಟು ಹಾಕ್ಸಿದ್ದೋ, ಹಂಗೇ ಆಗಿದ್ದೋ? ಹೇಳ್ಕೊಟ್ಟಿದ್ದಾದ್ರೆ ನಾವು ಕೈ ತೊಳ್ಕೊತೀವಿ, ಬಸ್ ಹತ್ತೀವಿ. ನಂಗಲೀಲೂ ಹೋಟ್ಲುಗಳವೆ."

"ದೇವ್ರಾಣೆಗೂ ನಾನ್ ಹೇಳಿಲ್ಲ..."

"ನೀವ್ ಸುಮ್ಕಿರಿ. ಅವ್ನೇ ಹೇಳ್ಲಿ." ಮುನಿಯಲ್ಲಪ್ಪ ನರಬಹಾದುರನ ಕಡೆ ತಿರುಗಿದ. "ಯಾರಯ್ಯಾ ನಿಂಗೆ ಮೂರ್ ಹಾಕು ಅಂದಿದ್ದು?"

ನರಬಹಾದುರ ಅಂದು ಮೊದಲ ಸಲ ತಲೆ ಎತ್ತಿದ. ಸಾಲಿನಾಚೆ ಚಂದ್ರಮೋಹನ್‌ನ ಮುಖ ಕಂಡಿತು. ಆ ಮುಖ ಬಿಳಿಚಿತ್ತು. ಓನರ್ ಹೇಳಿದರು ಎಂದರೆ ಓನರಿಗೆ ಹೇಳಿದ್ದು ಯಾರು ಎಂಬ ಮಾತು ಬರುತ್ತದೆ. ಅದು ಕೋದಂಡರಾಮಪ್ಪನ ತಲೆಯ ಮೇಲೆ ಕೂರುತ್ತದೆ, ಬಸ್ಸು ಹಸಿದ ಹೊಟ್ಟೆಯಲ್ಲಿ ಹೊರಡುತ್ತದೆ. ಸುಮ್ಮನಿದ್ದರೂ ಅದೇ.

"ಯಾರೂ ಹೇಳಿಲ್ಲ ಸಾರ್," ಎಂದ. "ನಮ್ಮೂರಲ್ಲಿ ಹಂಗೇ."

"ಯಾವೂರು ನಿಂದು?"

"ನೇಪಾಳ."

"ನೇಪಾಳದಾಗೆ ಅಳಿಯಂಗೆ ಮೂರೇನಾ?"

"ಮೂರೇ ಸಾರ್. ಎಲ್ಲರಿಗೆ ಎಷ್ಟೋ ಅಳಿಯನಿಗೂ ಅಷ್ಟೇ."

ಮುನಿಯಲ್ಲಪ್ಪ ಹುಬ್ಬು ಗಂಟಿಕ್ಕಿ ನೋಡಿದ. ಮೂವತ್ತು ವರ್ಷ ಲಾರಿಯವರ ಸುಳ್ಳು ಕೇಳಿದವನು. "ನಿಂಗೆ ಮದ್ವೆ ಆಗೈತಾ?"

"ಆಗಿದೆ ಸಾರ್."

"ನಿಮ್ಮತ್ತೆ ನಿಂಗೆ ಎಷ್ಟು ಹಾಕಿದ್ಲು?"

ಕೈಗಳೆಲ್ಲ ಗಾಳಿಯಲ್ಲೇ ಇದ್ದವು. ನರಬಹಾದುರ ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಎರಡು," ಎಂದ.

ಸಾಲಿನ ಕೊನೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು.

"ಎರಡಂತೆ ಕಣ್ರೋ!"

"ಅದ್ಕೇ ಪಾಪ, ದೇಶಾನೇ ಬಿಟ್ ಬಂದವ್ನೆ."

"ಅಂಥಾ ಅತ್ತೆ ಸಿಕ್ಕಿದ್ರೆ ನಾನು ಭೂಮೀನೇ ಬಿಟ್ಟು ಹೋಗ್ತಿದ್ದೆ!"

ನಗೆ ಹೆಂಗಸರ ಸಾಲಿಗೆ ಹಾರಿತು. ಮುನಿಯಲ್ಲಪ್ಪ ಬಿಗಿದುಕೊಂಡೇ ಇರಲು ನೋಡಿದ. ಆಗಲಿಲ್ಲ, ಹೊಟ್ಟೆ ಕುಲುಕಿತು. "ಅಯ್ಯೋ ನಿನ್ನ! ಎಂಥ ಜಿಪುಣ ಜನಾನಯ್ಯಾ! ಹೆಣ್ಣು ಕೊಟ್ಟ ಮನೇಲಿ ಅಳಿಯಂಗೆ ಎರಡು ಪೀಸಾ? ಎಂಥಾ ಹೆಂಗ್ಸಯ್ಯಾ ಆಯಮ್ಮ?"

"ಬಡತನದ ಮನೆ ಇರ್ಬೇಕು," ಎಂದಳು ಬಚ್ಚಮ್ಮ, ಕನಿಕರದಿಂದ.

"ಬಡತನ ಅಲ್ಲಮ್ಮಾ, ಕೈ ಬರಲ್ಲ ಅಂತಾರಲ್ಲ, ಅದು. ಅಲ್ವೇನಯ್ಯಾ?"

"ಹೌದು ಸಾರ್," ಎಂದ ನರಬಹಾದುರ. "ಕೈ ಬರಲ್ಲ."

ಅಷ್ಟರಲ್ಲಿ ಚಂದ್ರಮೋಹನ್ ಪಾತ್ರೆಯ ಸಮೇತ ಬಂದು ತಲುಪಿದ್ದ. ನಲ್ಲಿ ಮೂಳೆ, ಲಿವರು, ತೊಡೆಯ ತುಂಡುಗಳನ್ನು ನಂದಕುಮಾರ್‌ನ ಎಲೆಗೆ ಸುರಿದ, ಮುದ್ದೆ ಮುಚ್ಚಿಹೋಯಿತು. ಮುನಿಯಲ್ಲಪ್ಪ ನರಬಹಾದುರನ ಮಣಿಕಟ್ಟು ಹಿಡಿದು ಆ ಎಲೆಯ ಮೇಲೆ ಬಗ್ಗಿಸಿದ. "ನೋಡ್ಕೋ. ಹಿಂಗ್ ಹಾಕ್ಬೇಕು ಅಳಿಯಂಗೆ. ಊರಿಗ್ ಹೋದಾಗ ನಿಮ್ಮತ್ತೆಗೂ ಹೇಳು, ನಂಗಲಿ ಮುನಿಯಲ್ಲಪ್ಪ ಹೇಳ್ಕೊಟ್ಟ ಅಂತ."

"ಹೇಳ್ತೀನಿ ಸಾರ್."

ಕೈಗಳು ಇಳಿದವು. ಶ್ವೇತ ಒಳಗೆ ಹೋದಳು. ಮೂರನೆಯ ಸಾಲಿಗೆ ನರಬಹಾದುರ ಬಕೆಟ್ ಹಿಡಿದು ಹೋಗುವ ಹೊತ್ತಿಗೆ ಅವನಿಗಿಂತ ಮುಂಚೆ ಅವನ ಅತ್ತೆಯ ಕಥೆ ಹೋಗಿತ್ತು. ಅಲ್ಲಿ ಎರಡು ತುಂಡು ಒಂದಾಗಿತ್ತು. ಯಾರೂ ಲಿವರ್ ಕೇಳಲಿಲ್ಲ. ಹಾಕಿದ್ದನ್ನು ನೋಡಿ, ಅವನನ್ನು ನೋಡಿ, ತಮ್ಮ ತಮ್ಮ ಅತ್ತೆಯರನ್ನು ಹೊಗಳಿಕೊಂಡು ಉಂಡರು.

ನಾಲ್ಕು ಗಂಟೆಗೆ ನಂಗಲಿಯ ಬಸ್ಸು ಹೊರಟಿತು. ತೋಪಿನ ಕೊನೆಯಲ್ಲಿ, ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ, ನರಬಹಾದುರ ಕುಕ್ಕರಗಾಲಿನಲ್ಲಿ ಕುಳಿತು ಬಕೆಟ್ ತಿಕ್ಕುತ್ತಿದ್ದ. ಚಂದ್ರಮೋಹನ್ ಬಂದು ಮರಕ್ಕೊರಗಿ ನಿಂತ.

"ಲೇ ಬಹಾದುರ್, ನಿಮ್ಮತ್ತೆ ನಿಜವಾಗ್ಲೂ ಎರಡೇ ಹಾಕಿದ್ಲೇನೋ?"

ನರಬಹಾದುರ ಬಕೆಟ್ಟಿನೊಳಗೆ ತೋಳಿನವರೆಗೆ ಕೈ ಇಳಿಸಿದ್ದ. ನೀರಿನ ಮೇಲೆ ಕೊಬ್ಬು ಬಿಳಿಯ ಬಿಲ್ಲೆಗಳಾಗಿ ತೇಲುತ್ತಿತ್ತು.

"ಬಿಸಿನೀರು ಇದ್ಯಾ ಅಣ್ಣ?" ಎಂದ. "ತಣ್ಣೀರಲ್ಲಿ ಜಿಡ್ಡು ಹೋಗ್ತಿಲ್ಲ."

ಕೆಲಸ ಖಾಯಂ ಆಯಿತು. ಬುಧವಾರ ಮೂವರೂ ಗೋಡೌನಿನ ಹಿಂದಿನ ಕೋಣೆಗೆ ಬಂದರು.