ಮುಟ್ಟಿದರು, ಕೊಳ್ಳಲಿಲ್ಲ

೧

ಈ ಕಥೆಯನ್ನು ಟೊಮೆಟೊದಿಂದ ಶುರುಮಾಡಲೋ, ಶೇಕಡಾ ಅರವತ್ತೆಂಟರಿಂದ ಶುರುಮಾಡಲೋ ಎಂದು ಮೂರು ದಿನದಿಂದ ಅಳೆದೂ ಸುರಿದೂ ನೋಡುತ್ತಿದ್ದೇನೆ. ಟೊಮೆಟೊ ಇಟ್ಟರೆ ನಿಮಗೆ ಬಣ್ಣ ಕಾಣುತ್ತದೆ, ಕೈಗೆ ಏನೋ ಸಿಕ್ಕಂತಾಗುತ್ತದೆ. ಶೇಕಡಾ ಅರವತ್ತೆಂಟು ಇಟ್ಟರೆ ನೀವು ಪುಟ ತಿರುಗಿಸುತ್ತೀರಿ. ಆದರೆ ತಪ್ಪಾಗಿರುವುದು ಆ ಸಂಖ್ಯೆಯಲ್ಲಿ.

ಮೊದಲ ಕರಡು ಹೀಗಿತ್ತು: ‘ಮುಂಜಾನೆಯ ಇಬ್ಬನಿಯಲ್ಲಿ ಮಿಂದ ಮಾರುಕಟ್ಟೆ ಕಣ್ಣುಜ್ಜಿಕೊಂಡು ಎದ್ದಿತು.’

(ಮಾರುಕಟ್ಟೆಗೆ ತಗಡಿನ ಸೂರಿದೆ. ಇಬ್ಬನಿ ಒಳಗೆ ಬರುವುದಿಲ್ಲ. ಹೊಡೆದುಹಾಕಿದೆ.)

ಎರಡನೆಯದು: ‘ಅವಳ ಕೈ ನಡುಗುತ್ತಿತ್ತು.’

“ಯಾರ ಕೈ?” ಎಂದಳು ದೊಡ್ಡಮ್ಮ.

“ನಿನ್ನದೇ.”

“ನನ್ನ ಕೈ ಯಾವತ್ತು ನಡುಗಿತೋ? ತಕ್ಕಡಿ ಹಿಡಿಯೋ ಕೈ ಕಣೋ ಇದು. ನಡುಗಿದ್ರೆ ಜನ ಬಂದಾರಾ?”

ಅದನ್ನೂ ಹೊಡೆದುಹಾಕಿದೆ. (ಹೀಗೆ ನಡುನಡುವೆ ಬಾಯಿ ಹಾಕುವವಳು ಕಾಗದದ ಮೇಲಿನ ದೊಡ್ಡಮ್ಮ. ನಿಜವಾದ ದೊಡ್ಡಮ್ಮನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಹೇಳಬೇಕಾಗಿರುವುದೇ ಈ ಕಥೆ. ಹೇಳಲಾಗದ್ದಕ್ಕೇ ಬರೆಯುತ್ತಿದ್ದೇನೆ ಅನ್ನಿಸುತ್ತದೆ. ಇರಲಿ.)

೨

ನಾನು ಪದವೀಧರ. (ಯಾವ ಪದವಿ ಎಂದು ದಯವಿಟ್ಟು ಕೇಳಬೇಡಿ.) ಎರಡು ವರ್ಷ ಮನೆಯ ಗೋಡೆ ನೋಡಿದ ಮೇಲೆ ಸಮೀಕ್ಷೆ ಮಾಡುವ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ಪ್ರೊಬೇಷನ್. ನಮ್ಮ ವರದಿಯ ಹೆಸರು ‘ರಾಷ್ಟ್ರೀಯ ತಾಜಾ ಆಹಾರ ಮಾರುಕಟ್ಟೆ: ಗ್ರಾಹಕರ ಬದಲಾಗುತ್ತಿರುವ ಒಲವುಗಳು’. ದೇಶದ ತುಂಬ ಐವತ್ತು ಮಾರುಕಟ್ಟೆ, ಐವತ್ತು ಕುರ್ಚಿ, ಕುರ್ಚಿಗೊಬ್ಬರು. ನನ್ನ ಪಾಲಿಗೆ ಬಂದದ್ದು ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಇಪ್ಪತ್ತಾರು ವರ್ಷದಿಂದ ತರಕಾರಿ ಮಾರುತ್ತಿರುವ ಮಾರುಕಟ್ಟೆ.

ಒಳಗೆ ಹೋದರೆ ಎಡಕ್ಕೆ ಹದಿನಾಲ್ಕು ಕಲ್ಲುಕಟ್ಟೆಗಳು, ಬಿಡಿ ತರಕಾರಿ. ಮೂರನೆಯ ಕಟ್ಟೆ ದೊಡ್ಡಮ್ಮನದು. ಬಲಕ್ಕೆ ಹೊಸದಾಗಿ ಬಂದ ತಣ್ಣನೆಯ ಗಾಜಿನ ಕಪಾಟುಗಳು. ತೊಳೆದು, ಹೆಚ್ಚಿ, ಡಬ್ಬಿಗೆ ಹಾಕಿ, ತಾರೀಖು ಅಂಟಿಸಿದ ತರಕಾರಿ. ನನ್ನ ಕುರ್ಚಿ ಮುಂದಿನ ಗೇಟಿನ ಕಂಬದ ಪಕ್ಕ.

ಫಾರ್ಮಿನಲ್ಲಿ ಮೂರೇ ಕಾಲಂ. ಮುಟ್ಟಿದರೇ? ಮಾತಾಡಿದರೇ? ಕೊಂಡರೇ? ನಿಯಮ ಒಂದೇ: ಕುರ್ಚಿ ಬಿಟ್ಟು ಏಳಬಾರದು, ಯಾರನ್ನೂ ಮಾತಾಡಿಸಬಾರದು. ಮಾತಾಡಿಸಿದರೆ ಗ್ರಾಹಕ ಗ್ರಾಹಕನಂತೆ ಇರುವುದಿಲ್ಲವಂತೆ.

ಇಂಥ ನಿಯಮ ನನಗಾಗಿಯೇ ಹುಟ್ಟಿದ್ದು ಅನ್ನಿಸಿತು. ಬಾಲ್ಯದಿಂದಲೂ ದೊಡ್ಡಮ್ಮ ನನ್ನನ್ನು ಕರೆಯುವುದು ‘ಗುಮ್ಮನಗುಸುಕ’ ಎಂದೇ. ಜನ ಮಾತಾಡುವಾಗ ನನಗೆ ಕೇಳಿಸುವುದು ನಡುವಿನ ನಿಲುಗಡೆಗಳು. ನಾಲ್ಕು ದಿನ ಒಂದೂ ಮಾತಿಲ್ಲದೆ ಕೂತು ಸಂಬಳ ತೆಗೆದುಕೊಳ್ಳಬಹುದು ಎಂದರೆ ಕೇಳಬೇಕೆ!

೩

ಕಂಡದ್ದು ಇದು.

ಒಬ್ಬರು ಮೇಷ್ಟ್ರು. ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಕೊಡೆ. ದೊಡ್ಡಮ್ಮನ ಕಟ್ಟೆಯ ಮುಂದೆ ನಿಂತು ಬೀನ್ಸನ್ನು ಒಂದೊಂದಾಗಿ ಎತ್ತಿ, ಮುರಿಯದಂತೆ ಬಗ್ಗಿಸಿ, ಆಯ್ದರು. ಆಯ್ದದ್ದನ್ನು ದೊಡ್ಡಮ್ಮನ ಕಡೆ ನೂಕಿದರು. ಅವಳು ಒಂದೂ ಮಾತಾಡಲಿಲ್ಲ. ಬಾಚಿಕೊಂಡು ಕಟ್ಟೆಯ ಕೆಳಗೆ ಎಲ್ಲೋ ಹಾಕಿ ಬೆನ್ನು ತಿರುಗಿಸಿದಳು. ತೂಗಲಿಲ್ಲ. ಮೇಷ್ಟ್ರು ಬರಿಗೈಯಲ್ಲಿ ಒಳಗೆ ನಡೆದರು.

ಸಾಲು ನಲವತ್ತೊಂದು: ಮುಟ್ಟಿದರು, ಮಾತಾಡಲಿಲ್ಲ, ಕೊಳ್ಳಲಿಲ್ಲ.

ಅವರ ಹಿಂದೆ ಒಬ್ಬ ನರ್ಸ್. ಸೌತೆಕಾಯಿ ಮೂಸಿದಳು, ನೂಕಿದಳು, ಹೋದಳು. ಅವಳ ಹಿಂದೆ ಬಡಗಿ. ಅವನ ಹಿಂದೆ ಒಬ್ಬ ಅಜ್ಜಿ. ಎಲ್ಲರೂ ಹಾಗೆಯೇ. ದೊಡ್ಡಮ್ಮ ಪ್ರತಿಸಲ ಬೆನ್ನು ತಿರುಗಿಸುತ್ತಿದ್ದಳು. ಫಾರ್ಮಿನ ಕೆಳಗೆ ಷರಾ ಬರೆಯುವ ಜಾಗದಲ್ಲಿ ನಾನು, ಬೇರೆ ಯಾರೂ ಅಲ್ಲ, ನಾನು, ನೀಲಿ ಇಂಕಿನಲ್ಲಿ, ‘ಮಾರುವವರಲ್ಲಿ ನಿರುತ್ಸಾಹ’ ಎಂದು ಬರೆದೆ. ಬರೆದು ಸ್ವಲ್ಪ ದುಃಖಪಟ್ಟೆ. ಆ ದುಃಖ ನನಗೆ ಇಷ್ಟವಾಯಿತು. ಅದೂ ಒಂದು ತಪ್ಪೇ.

ನಾಲ್ಕು ದಿನದ ಲೆಕ್ಕ: ಬಿಡಿ ತರಕಾರಿ ಮುಟ್ಟಿದವರಲ್ಲಿ ಶೇಕಡಾ ಅರವತ್ತೆಂಟು ಜನ ಕೊಳ್ಳದೆ ಹೋದರು. ನಮ್ಮ ಮೇಡಂ ಅದಕ್ಕೊಂದು ವಾಕ್ಯ ಕಟ್ಟಿದರು: ‘ಗ್ರಾಹಕರು ಬಿಡಿ ತರಕಾರಿಯನ್ನು ಮುಟ್ಟುತ್ತಾರೆ, ನಂಬುವುದಿಲ್ಲ.’ ಮಾರುಕಟ್ಟೆ ಮಂಡಳಿಯವರು ಆ ವಾಕ್ಯಕ್ಕೆ ಮರುಳಾದರು. ಬರುವ ಒಂದನೇ ತಾರೀಖು ಹದಿನಾಲ್ಕು ಕಟ್ಟೆ ಒಡೆದು ಅಲ್ಲಿಗೂ ಗಾಜಿನ ಕಪಾಟು ತರುವುದೆಂದು ನೋಟಿಸು ಅಂಟಿಸಿದರು. ಅಂಟಿಸಿದ್ದು ನನ್ನ ಕುರ್ಚಿಯಿದ್ದ ಕಂಬದ ಮೇಲೆಯೇ.

೪

ನೋಟಿಸು ಬಿದ್ದ ಮಾರನೆಯ ದಿನ ದೊಡ್ಡಮ್ಮನನ್ನು ನೋಡಲು ಹೋದೆ. ಸಮೀಕ್ಷೆ ಮುಗಿದಿತ್ತು, ಮಾತಾಡಬಹುದಿತ್ತು. ಅವಳು ಕಟ್ಟೆಯ ಒಳಗಡೆ ತನ್ನ ಸ್ಟೂಲು ಬಿಟ್ಟುಕೊಟ್ಟು, “ಕೂತ್ಕೋ. ಇಷ್ಟು ವರ್ಷಕ್ಕೆ ಈ ಕಡೆ ಬಂದ್ಯಲ್ಲ,” ಎಂದಳು.

ನಿಜ. ಅವಳ ತರಕಾರಿ ತಿಂದೇ ಬೆಳೆದವನು, ಆದರೆ ಕಟ್ಟೆಯ ಈ ಕಡೆ ಒಮ್ಮೆಯೂ ಬಂದಿರಲಿಲ್ಲ. ಈ ಕಡೆ ಹಿಂದೆ ಒಂದು ಸಂದಿಯಿದೆ. ಅದು ಹಿಂದಿನ ಗೇಟಿಗೆ, ಅಲ್ಲಿಂದ ಬಸ್ ಸ್ಟಾಪಿಗೆ ಹೋಗುತ್ತದೆ. ಮುಂದಿನ ಕಂಬದಿಂದ ಅದು ಕಾಣುವುದಿಲ್ಲ. ಕಟ್ಟೆಯ ಕೆಳಗೆ ಸಾಲಾಗಿ ಬಟ್ಟೆ ಚೀಲಗಳಿದ್ದವು.

ಸಂದಿಯಿಂದ ಕೊಡೆಯ ತುದಿ ಬಂತು. ಹಿಂದೆಯೇ ಮೇಷ್ಟ್ರು. ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಹಿಟ್ಟಿನ ಪೊಟ್ಟಣ.

“ನಂದು ಕೊಡಮ್ಮ.”

ದೊಡ್ಡಮ್ಮ ಮುಂದಿನವರಿಗೆ ಬೆನ್ನು ತಿರುಗಿಸಿ, ಒಂದು ಚೀಲ ಎತ್ತಿ, ತೂಗಿ, ದುಡ್ಡು ತೆಗೆದುಕೊಂಡು ಕೊಟ್ಟಳು.

“ಬೀನ್ಸ್ ಮೇಲೆ ಮೊಟ್ಟೆ ಇಡಿ ಮೇಷ್ಟ್ರೇ, ಮೊಟ್ಟೆ ಮೇಲೆ ಬೀನ್ಸ್ ಇಟ್ಟೀರಿ ಹೋದ್ಸಲದ ಹಾಗೆ.”

“ಹೋದ್ಸಲ ಇಟ್ಟಿದ್ದು ನಾನಲ್ಲ, ಬಸ್ಸು,” ಎಂದು ಮೇಷ್ಟ್ರು ಹೊರಟರು.

ಆಮೇಲೆ ನರ್ಸ್ ಬಂದಳು. ಆಮೇಲೆ ಬಡಗಿ. ರೂಢಿಬಲದಿಂದ ಎಣಿಸತೊಡಗಿದವನು ಮೂವತ್ತಕ್ಕೆ ನಿಲ್ಲಿಸಿದೆ.

“ದೊಡ್ಡಮ್ಮ, ಇದೇನು?”

“ಏನು ಅಂದ್ರೆ? ಎತ್ತಿಡೋದು. ಆಯ್ದು ಕೊಟ್ಟು ಹೋಗ್ತಾರೆ, ಭಾರದ್ದೆಲ್ಲ ಒಳಗೆ ತಗೊಂಡು, ಬಸ್ಸಿಗೆ ಹೋಗ್ತಾ ಹಿಂದಿನಿಂದ ಇಸ್ಕೊಳ್ತಾರೆ. ಟೊಮೆಟೊ ಹೊತ್ಕೊಂಡು ಊರೆಲ್ಲ ಸುತ್ತೋಕಾಗುತ್ತಾ?”

“ಒಂದು ಮಾತೂ ಆಡಲ್ವಲ್ಲ?”

“ದಿನಾ ಬರೋರ ಹತ್ರ ಏನು ಮಾತು?”

ಮೌನವೇ ಸಮ್ಮತಿ ಅಂತ ಹಳಬರು ಹೇಳಿಟ್ಟಿದ್ದಾರೆ. ಮೌನದ ಬಗ್ಗೆ ನನಗಿಂತ ಹೆಚ್ಚು ತಿಳಿದವರಿಲ್ಲ ಎಂದುಕೊಂಡಿದ್ದ ನಾನು ಮಾತ್ರ ಅದನ್ನು ನಾಲ್ಕು ದಿನವೂ ‘ಇಲ್ಲ’ ಎಂದು ಬರೆದುಕೊಂಡಿದ್ದೆ.

“ನೀನಾದ್ರೂ ನಂಗೆ ಹೇಳಬಾರದಿತ್ತಾ? ನಾಲ್ಕು ದಿನ ಎದುರಿಗೇ ಕೂತಿದ್ದೆ.”

“ನಿನ್ನ ಕೆಲಸ ಕೆಡಬಾರದು ಅಂತ ಸುಮ್ನಿದ್ದೆ ಕಣೋ. ನಮ್ಮ ಹುಡುಗ ಆಫೀಸರು, ಮಾತಾಡಿಸಬೇಡಿ ಅಂತ ಸಾಲಿನವರಿಗೆಲ್ಲ ಹೇಳಿದ್ದೆ.” ಆಮೇಲೆ ಕಂಬದ ಕಡೆ ನೋಡಿ, “ನಿನ್ನ ಲೆಕ್ಕ ಕೆಡಿಸಿ ಆಫೀಸಲ್ಲಿ ಯಾವನೋ ಪುಣ್ಯಾತ್ಮ ಅರವತ್ತೆಂಟು ಅಂತ ಬರೆದಿದ್ದಾನಂತೆ. ಕಣ್ಣಿಗೆ ಏನು ಹಾಕ್ಕೊಂಡಿದ್ನೋ,” ಎಂದಳು.

ನಾನು ಬಗ್ಗಿ ಕಟ್ಟೆಯ ಕೆಳಗಿನ ಚೀಲಗಳನ್ನು ಜೋಡಿಸತೊಡಗಿದೆ.

೪ (ಮತ್ತೊಮ್ಮೆ, ಏಕೆಂದರೆ ಮೇಲಿನದರಲ್ಲಿ ಒಂದು ಬಿಟ್ಟಿದ್ದೇನೆ)

ಸಂಜೆ ಕಟ್ಟೆ ಮುಚ್ಚಿ ಹೊರಟಾಗ ದೊಡ್ಡಮ್ಮ ಬಲಗಡೆಯ ಗಾಜಿನ ಕಪಾಟಿನಿಂದ ಹೆಚ್ಚಿದ ಕಲ್ಲಂಗಡಿಯ ಡಬ್ಬಿ ತೆಗೆದುಕೊಂಡಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

“ಏನು ನೋಡ್ತೀಯಾ? ಬೀಜ ತೆಗೆದು ಹೆಚ್ಚಿ ಕೊಟ್ಟಿರ್ತಾರೆ. ದಿನವೆಲ್ಲ ಬೇರೆಯವರಿಗೆ ಆರಿಸಿ ಕೊಡ್ತೀನಿ. ನನಗೂ ಒಬ್ಬರು ಮಾಡಿ ಕೊಟ್ರೆ ಬೇಡ ಅನ್ನಲಾ?”

ಇದನ್ನು ಕಥೆಯಲ್ಲಿ ಎಲ್ಲಿ ಇಡಬೇಕೋ ಗೊತ್ತಾಗುತ್ತಿಲ್ಲ. ಇಡದಿದ್ದರೆ ಕಥೆ ಸಲೀಸು. ಇಟ್ಟರೆ ತಲೆ ಕೆಡುತ್ತದೆ. ಡಬ್ಬಿ ಕೊಂಡು ನಿಮಿಷದೊಳಗೆ ಹೊರಟ ಎಷ್ಟೋ ಜನರ ಮುಖದಲ್ಲಿ ನಿಜವಾದ ನೆಮ್ಮದಿ ಕಂಡಿದ್ದೆ. ನನ್ನ ತಪ್ಪು ತಿದ್ದಿದರೂ ಕಟ್ಟೆಗಳು ಉಳಿಯುತ್ತವೆಯೇ? ಒಲವು ನಿಜವಾಗಿಯೂ ಆ ಕಡೆ ವಾಲುತ್ತಿದೆಯೇ? ಗೊತ್ತಿಲ್ಲ. ಪದವಿಗೆ ಓದಿದ್ದ ಎರಡು ಪುಸ್ತಕ ತಿರುವಿದೆ. ಅವುಗಳಿಗೂ ಗೊತ್ತಿಲ್ಲ.

೫

ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ, ಮುಟ್ಟಿ ನೋಡಬಹುದು.

ಅಂತ್ಯ ಒಂದು. ನಾನು ಮೇಡಂಗೆ ನಿಜ ಹೇಳುತ್ತೇನೆ. ಅವರ ಕಣ್ಣು ತುಂಬುತ್ತದೆ. ನೋಟಿಸು ಹರಿಯುತ್ತಾರೆ. ಸಾಲಿನವರು ನನ್ನನ್ನು ಎತ್ತಿ ಕುಣಿಸುತ್ತಾರೆ.

“ಯಾರು ಎತ್ತೋರು? ಪಕ್ಕದ ಆಲೂಗಡ್ಡೆಯವನಿಗೆ ಸೊಂಟ ನೋವು,” ಎಂದಳು ಕಾಗದದ ದೊಡ್ಡಮ್ಮ.

ಅಂತ್ಯ ಎರಡು. ನಾನು ಹೇಳುವುದಿಲ್ಲ. ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಗುತ್ತದೆ. ದೊಡ್ಡಮ್ಮ ಡಬ್ಬಿ ತುಂಬುವ ಕೋಣೆಯಲ್ಲಿ ಕೈಗವಸು ಹಾಕಿಕೊಂಡು ಕ್ಯಾರೆಟ್ ಹೆಚ್ಚುತ್ತಾಳೆ. ಮೊದಲ ತಿಂಗಳು ಅವಳಿಗೊಂದು ಸೀರೆ ತರುತ್ತೇನೆ.

ಕಾಗದದ ದೊಡ್ಡಮ್ಮ ಸೀರೆಯ ಅಂಚು ಮುಟ್ಟಿ ನೋಡಿದಳು. ಮಡಿಸಿ ವಾಪಸು ಕೊಟ್ಟಳು.

ಅಂತ್ಯ ಮೂರು. (ಇದು ಅಂತ್ಯವಲ್ಲ, ನಡೆದದ್ದು.) ಇವತ್ತು ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ಅವರು ಮೇಜಿನ ಮೇಲೆ ಊಟದ ಡಬ್ಬಿಯ ಮುಚ್ಚಳದಲ್ಲಿ ಪಿನ್ನುಗಳನ್ನು ವಿಂಗಡಿಸುತ್ತಿದ್ದರು.

“ಎತ್ತಿಡೋದಾ?” ಎಂದರು. “ಫಾರ್ಮಲ್ಲಿ ಆ ಕಾಲಂ ಎಲ್ಲಿದೆ?”

“ಇಲ್ಲ ಮೇಡಂ.”

“ಇಲ್ಲದ ಕಾಲಂಗೆ ಮಂಡಳಿಯವರ ಹತ್ರ ನಾನೇನು ಹೇಳ್ಲಿ?”

“ತಪ್ಪಾಗಿದೆ ಅಂತ, ಮೇಡಂ.”

“ಯಾರ ತಪ್ಪು?”

ಆ ಪ್ರಶ್ನೆಯ ನಂತರದ ಮೌನ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

“ನನ್ನದು.”

ಅವರು ಒಂದು ಪಿನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು. “ಒಂದನೇ ತಾರೀಖಿಗೆ ಆರು ದಿನ ಇದೆ. ನಾಲ್ಕು ದಿನ ಹಿಂದಿನ ಗೇಟಲ್ಲಿ ಕೂತು ಎಣಿಸಿ. ಕುರ್ಚಿ ನೀವೇ ಹೊತ್ಕೊಂಡು ಹೋಗಿ. ಸಂಖ್ಯೆ ಬದಲಾದ್ರೆ ಮಂಡಳಿಗೆ ಬರೀತೀನಿ, ಅವರು ಕೇಳ್ತಾರೆ ಅಂತ ಹೇಳಲ್ಲ. ನಿಮ್ಮ ಪ್ರೊಬೇಷನ್ ಬಗ್ಗೆಯೂ ಬರೀಬೇಕಾಗುತ್ತೆ. ಅದನ್ನ ಅವರು ಖಂಡಿತ ಕೇಳ್ತಾರೆ.” ಬಾಗಿಲು ದಾಟುವಾಗ ಕೂಗಿದರು, “ಅಲ್ರೀ, ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?”

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾಲ್ಕನೇ ತರಗತಿಯಲ್ಲಿ ನಾನು ವಿಸ್ತರಿಸಿ ಬರೆದಿದ್ದೆ. ಹತ್ತಕ್ಕೆ ಒಂಬತ್ತು ಬಂದಿತ್ತು.

೬

ಹಿಂದಿನ ಗೇಟಿನಲ್ಲಿ ಕುರ್ಚಿ ಹಾಕಿ ಕೂರಬೇಕಾದರೆ ದೊಡ್ಡಮ್ಮನಿಗೆ ಕಾರಣ ಹೇಳಬೇಕು. ಮಧ್ಯಾಹ್ನ ಕುರ್ಚಿ ಹೊತ್ತುಕೊಂಡು ಮುಂದಿನ ಗೇಟಿನಿಂದ ಒಳಗೆ ಬಂದೆ. ಕಂಬದ ಪಕ್ಕ ಕುರ್ಚಿ ಇಳಿಸಿ ಮೂರನೇ ಕಟ್ಟೆಯ ಮುಂದೆ ನಿಂತೆ, ಗಿರಾಕಿಗಳು ನಿಲ್ಲುವ ಕಡೆ.

ಏನು ಹೇಳಬೇಕೆಂದು ಐದು ಕರಡು ಮಾಡಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಕೈಗೆ ಕೆಲಸ ಕೊಡಲೆಂದು ಟೊಮೆಟೊ ಆರಿಸತೊಡಗಿದೆ. ಒಂದು, ಎರಡು, ಮೂರು.

“ಅದು ಬೇಡ, ತೊಟ್ಟಿನ ಹತ್ರ ಮೆತ್ತಗಿದೆ,” ಎಂದಳು ದೊಡ್ಡಮ್ಮ. “ಕುರ್ಚಿ ಯಾಕೋ? ಮತ್ತೆ ಎಣಿಸ್ತೀಯಾ?”

“ಹೂಂ.”

“ಅವನ್ಯಾರೋ ಕೆಡಿಸಿ ಹೋಗಿದ್ದನ್ನ ನೀನು ಸರಿಮಾಡೋಕೆ ಬಂದ್ಯಾ?”

ಓದುಗರೇ, ಇಲ್ಲಿ ಅವಳೇ ನನಗೊಂದು ಅಂತ್ಯ ಕೊಟ್ಟಳು. ಹೂಂ ಎಂದರೆ ಸಾಕಿತ್ತು. ಇಡೀ ಸಾಲಿಗೆ ನಾನು ದೇವರಾಗುತ್ತಿದ್ದೆ. ಕಾಗದದ ದೊಡ್ಡಮ್ಮನನ್ನು ಒಮ್ಮೆ ಕೇಳೋಣವೆಂದುಕೊಂಡೆ. ಅವಳು ಬರಲಿಲ್ಲ. ಎದುರಿಗೆ ನಿಂತಿದ್ದವಳು ನಿಜವಾದವಳು, ಒಬ್ಬಳೇ.

“ದೊಡ್ಡಮ್ಮ, ಆ ಅರವತ್ತೆಂಟು ಬರೆದವನು ನಾನೇ.”

ಅವಳ ಕೈ ನಡುಗಲಿಲ್ಲ. (ಅದನ್ನಾದರೂ ಸರಿಯಾಗಿ ಬರೆಯುತ್ತೇನೆ.) ಪಕ್ಕದ ಆಲೂಗಡ್ಡೆಯವನು ನಮ್ಮ ಕಡೆ ನೋಡಿ ಬೇಗ ಮುಖ ಆಚೆ ಮಾಡಿದ. ದೊಡ್ಡಮ್ಮ ನನ್ನ ಕೈಯಲ್ಲಿದ್ದ ಟೊಮೆಟೊಗಳನ್ನು ನೋಡಿದಳು. ಎರಡೂ ಕೈಯಿಂದ ಅವನ್ನು ತೆಗೆದುಕೊಂಡಳು. ಒಂದೂ ಮಾತಾಡಲಿಲ್ಲ. ಕಟ್ಟೆಯ ಕೆಳಗೆ ಬಗ್ಗಿದಳು. ಎದ್ದು ಬೆನ್ನು ತಿರುಗಿಸಿದಳು.

೭

ಈಗ ನಾನು ಕಂಬದ ಪಕ್ಕ ನಿಂತು, ಕುರ್ಚಿಯ ಮೇಲೆ ಫಾರ್ಮಿಟ್ಟು ಅದರ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತದೆ. ಟೊಮೆಟೊಗಳನ್ನು ಒಂದು ಚೀಲಕ್ಕೆ ಹಾಕಿದಳೋ, ರಾಶಿಗೇ ವಾಪಸು ಸುರಿದಳೋ ಕಾಣುವುದಿಲ್ಲ. ಹಿಂದಿನ ಗೇಟಿಗೆ ಸುತ್ತಿ ಹೋಗಲು ಅರವತ್ತು ಹೆಜ್ಜೆ. ಹೋಗಿ ನಿಂತು ‘ನಂದು ಕೊಡು ದೊಡ್ಡಮ್ಮ’ ಎನ್ನಬೇಕು. ಚೀಲ ಇದ್ದರೆ ಇದೆ. ಇಲ್ಲದಿದ್ದರೆ ಇಲ್ಲ.

ಕುರ್ಚಿ ಎತ್ತಿಕೊಳ್ಳುತ್ತಿದ್ದೇನೆ. ಮುಂದಿನ ಗೇಟಿನಲ್ಲಿ ಕೂತಿರುವ ನಿಮಗೆ ಕಾಣುವುದಿಷ್ಟೇ: ಒಬ್ಬ ಬಂದ, ಟೊಮೆಟೊ ಮುಟ್ಟಿದ, ಏನೋ ಒಂದು ಮಾತಾಡಿದ, ಏನೂ ಕೊಳ್ಳದೆ ಹೊರಟ. ಪೆನ್ನು ನಿಮ್ಮ ಕೈಯಲ್ಲಿದೆ. ಮೂರನೇ ಕಾಲಂ ಸ್ವಲ್ಪ ಹೊತ್ತು ಖಾಲಿ ಬಿಡಿ.