ಕೌದಿಯ ಒಳಪದರ

ಬ್ಯಾಡಗಿಯಿಂದ ಬಸ್ಸು ಹಿಡಿದು ಮೋಟೆಬೆನ್ನೂರಿನ ಮನೆ ಸೇರುವ ಹೊತ್ತಿಗೆ ಕಾವೇರಿಗೆ ಬೇಕಾಗಿದ್ದುದು ಎರಡೇ: ಕೂರಲು ಒಂದಿಷ್ಟು ಜಾಗ, ಎತ್ತಿಕೊಳ್ಳಲು ಮಗಳು. ಜಾಗ ಸಿಗುತ್ತಿತ್ತು. ಮಗಳು ಸಿಗುತ್ತಿರಲಿಲ್ಲ.

ಅತ್ತೆ ಫಕ್ಕೀರವ್ವ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲೇ ಅಡ್ಡ ನಿಂತಿರುತ್ತಿದ್ದಳು.

"ಹಿತ್ತಲಕ್ಕ ಹೋಗು. ಎಣ್ಣಿ ಇಟ್ಟೇನಿ."

ಹಿತ್ತಲಲ್ಲಿ ಬಟ್ಟಲ ತುಂಬ ಕುಸುಬೆ ಎಣ್ಣೆ, ಪಕ್ಕದಲ್ಲಿ ಕಡ್ಲೆಹಿಟ್ಟು, ಒಂದು ತಂಬಿಗೆ ಮಜ್ಜಿಗೆ. ಇಡೀ ದಿನ ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈಯನ್ನು ನೇರವಾಗಿ ನೀರಿಗೆ ಹಾಕಿದರೆ ರಾತ್ರಿಯೆಲ್ಲ ಉರಿಯೇ ಗತಿ. ಮೊದಲು ಎಣ್ಣೆ, ಆಮೇಲೆ ಹಿಟ್ಟು, ಆಮೇಲೆ ಮಜ್ಜಿಗೆ, ಕಡೆಗೆ ನೀರು. ಆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾವೇರಿ ಮೊಣಕೈಯವರೆಗೂ ತಿಕ್ಕಿ ತೊಳೆದು, ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಒಳಗೆ ಬಂದು ಕೈ ಚಾಚಿದರೆ, ಫಕ್ಕೀರವ್ವ ಅವಳ ಬೆರಳ ಸಂದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇನ್ನೂ ಕೆಂಪ ಐತಿ. ಬ್ಯಾಡ."

ಎಲ್ಲಿಯ ಕೆಂಪೋ ಏನೋ. ತಿಕ್ಕಿ ತಿಕ್ಕಿ ಚರ್ಮವೇ ಕೆಂಪಾಗಿದ್ದರೂ ಅದಕ್ಕೆ ಮೆಣಸಿನಕಾಯಿಯದೇ ಹೆಸರು.

ಕೂಸಿಗೆ ದವಾಖಾನೆಯ ನರ್ಸಮ್ಮ ಹೇಳಿದ ಹೆಸರು ಮೃಣಾಲಿನಿ. ಅದು ಫಕ್ಕೀರವ್ವನ ನಾಲಿಗೆಗೆ ಹತ್ತದೆ ಮನೆಯಲ್ಲಿ ಮಿನ್ನಿ ಎಂದಾಗಿತ್ತು. ಸುಗ್ಗಿಗೆ ಮೆಣಸಿನಕಾಯಿ ಬಂದು ಕಾವೇರಿ ಮತ್ತೆ ಕೆಲಸಕ್ಕೆ ಹೊರಟ ವಾರದಲ್ಲೇ ಮಿನ್ನಿಯ ಬೆನ್ನ ಮೇಲೆ, ಒಂದು ಕೆನ್ನೆಯ ಮೇಲೆ ಕೆಂಪು ದದ್ದು ಎದ್ದವು. ಕೂಸು ರಚ್ಚೆ ಹಿಡಿದು ಅತ್ತಿತು. ಹಾವೇರಿಯ ಚರ್ಮದ ಡಾಕ್ಟರ್ ನೋಡಿ, ಸೋಪು ಬೇಡ, ಸುಡುವ ನೀರು ಬೇಡ, ಒರಟಾಗಿ ಒರೆಸಬೇಡಿ, ಹಳೆಯ ಹತ್ತಿ ಬಟ್ಟೆ ಹಾಕಿ, ಮೆಣಸಿನಕಾಯಿಯಿಂದ ದೂರ ಇಡಿ ಎಂದರು. ಮೊದಲಿನ ನಾಲ್ಕು ಮಾತು ಫಕ್ಕೀರವ್ವನಿಗೆ ಹೊಸದಲ್ಲ. ಕಡೆಯ ಮಾತನ್ನು ಮಾತ್ರ ಅವಳು ಸೆರಗಿಗೆ ಗಂಟು ಹಾಕಿಕೊಂಡು ಬಂದಳು. ಮೆಣಸಿನಕಾಯಿ ಎಂದರೆ ಕಾವೇರಿ ಎಂದು ಅವಳೇ ಅರ್ಥ ಮಾಡಿಕೊಂಡಳು.

ಫಕ್ಕೀರವ್ವನದು ಸಾಮಾನ್ಯ ಮೈಬಣ್ಣವಲ್ಲ ಬಿಡಿ. ಅರವತ್ತು ದಾಟಿದರೂ ಕೆನ್ನೆ ಈಗಷ್ಟೇ ಬೆಣ್ಣೆ ಸವರಿದ ರೊಟ್ಟಿಯ ಹಾಗೆ. ಆ ಕೆನ್ನೆಗೆ ಹುಟ್ಟಿದಾಗಿನಿಂದ ಸೋಪು ತಾಗಿಲ್ಲ ಎಂದು ಅವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಬೆಳಗಿನ ಬಿಸಿಲಿಗೆ ಕೂರಬೇಕು, ಮಧ್ಯಾಹ್ನದ ಬಿಸಿಲಿಗೆ ಸೆರಗು ಹೊದೆಯಬೇಕು, ಊಟದಲ್ಲಿ ಮಜ್ಜಿಗೆ ಇರಬೇಕು, ದೀಪ ಹಚ್ಚಿದ ಮೇಲೆ ಬಹಳ ಹೊತ್ತು ಎದ್ದಿರಬಾರದು. ಇದು ಅವಳ ಶಾಸ್ತ್ರ. ಊರಿನ ಅರ್ಧ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು ಅವಳೇ. ಅಂಥವಳ ಸ್ವಂತ ಮೊಮ್ಮಗಳ ಮೈ ಹೀಗಾದರೆ ಜನ ಏನಂದಾರು? ಅವಮಾನ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ತಿನ್ನಲು ಇನ್ನೊಬ್ಬರು ಬೇಕಾದಾಗ ಸೊಸೆ ಕೈಗೆ ಸಿಗುತ್ತಿದ್ದಳು.

ಹಾಲು ಕುಡಿಸುವುದೂ ನಿಂತಿತು. ಎಂಟು ತಿಂಗಳ ಕೂಸಿಗೆ ಎದುರು ಮನೆಯ ಸುಶೀಲವ್ವನ ಎಮ್ಮೆ ಹಾಲು, ರಾಗಿ ಗಂಜಿ. ಕಾವೇರಿ ಹಾಲು ಕಟ್ಟಿಕೊಂಡ ಎದೆಯನ್ನು ಬಚ್ಚಲಲ್ಲಿ ಹಿಂಡಿ ಚೆಲ್ಲುತ್ತಿದ್ದಳು. ಮೊದಮೊದಲು ಅಳುತ್ತಿದ್ದಳು, ಆಮೇಲೆ ಅಳುವುದಕ್ಕೂ ಬೇಸರವಾಯಿತು. ದಿನದಿನಕ್ಕೂ ಹಾಲು ಕಡಿಮೆಯಾಗುತ್ತಿತ್ತು. ಸುಗ್ಗಿ ಮುಗಿಯುವ ಯುಗಾದಿವರೆಗೆ ಹೀಗೇ ನಡೆದರೆ ಎದೆ ಬತ್ತುತ್ತದೆ, ಕೂಸು ತನ್ನನ್ನು ಮರೆಯುತ್ತದೆ. ಈ ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗಂಡ ಮೈಲೇಶನನ್ನು ಕೇಳಿದಳು. ಅವನು ಬಾಡಿಗೆಗೆ ಟಂಟಂ ಗಾಡಿ ಓಡಿಸಿ ಬಂದು ತಟ್ಟೆಯ ಮುಂದೆ ಕೂತಿದ್ದ.

"ಅವ್ವ ಹೇಳೂದೂ ಖರೇ ಐತಿ, ನೀ ಹೇಳೂದೂ ಖರೇ ಐತಿ. ಸುಗ್ಗಿ ಒಂದ್ ಮುಗೀಲಿ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಸಾರು ಬಡಿಸಿಕೊಂಡ.

ಕೆಲಸದ ಜಾಗದಲ್ಲಿ ಪಕ್ಕ ಕೂರುವ ಜೈತೂನಬಿಯನ್ನೂ ಕೇಳಿದಳು. ನಾಲ್ಕು ಮಕ್ಕಳನ್ನು ಇದೇ ಕೈಯಲ್ಲಿ ಸಾಕಿದವಳು ಅವಳು.

"ತೊಳದ ಮ್ಯಾಲ ಏನೂ ಆಗಂಗಿಲ್ಲವಾ. ನನ್ನ ಮಕ್ಕಳಿಗೆ ಆಗೈತೇನು? ನಿನ್ನ ಕೈಲೆ ಆಗಿದ್ದಲ್ಲ ಅದು."

ಆದರೆ ಸಮಾಧಾನ ಹೇಳುವವರ ಮಾತು ಬಸ್ಸಿಳಿಯುವವರೆಗೆ ಮಾತ್ರ ಜೊತೆಗಿರುತ್ತದೆ. ವಿಚಿತ್ರವೆಂದರೆ ಕಾವೇರಿ ಮುಟ್ಟದಿದ್ದರೂ ದದ್ದು ಹೋಗಲಿಲ್ಲ. ಒಂದು ದಿನ ಫಕ್ಕೀರವ್ವ ಎಣ್ಣೆ ಹಚ್ಚುತ್ತ ಕೂಸಿನ ಬೆನ್ನು ನೋಡಿ ಕೇಳಿಯೇಬಿಟ್ಟಳು.

"ನಾ ಮಲಗಿದಾಗ ಕದ್ದು ಎತ್ಕೊಂತೀಯೇನು?"

ಹೆತ್ತ ಕೂಸನ್ನು ಕದ್ದು ಎತ್ತಿಕೊಳ್ಳುವುದು. ಕಾವೇರಿಗೆ ಎದುರಾಡುವಷ್ಟು ತ್ರಾಣ ಉಳಿದಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನಿದ್ದೆಗಣ್ಣಲ್ಲಿ ಮುಟ್ಟಿರಲೂಬಹುದೇ ಎಂದು ಅವಳಿಗೆ ತನ್ನ ಕೈಯ ಮೇಲೇ ಅನುಮಾನ ಬಂತು. ಅಂದಿನಿಂದ ಅವಳು ಪಡಸಾಲೆಯಲ್ಲಿ ದೂರ ಮಲಗತೊಡಗಿದಳು.

ಮುಂದೊಂದು ದಿನ, ಕೆಲಸ ಕೊಡುವ ಮೆಣಸಿನಕಾಯಿ ವ್ಯಾಪಾರಿಯ ಮನೆಯಲ್ಲಿ ಮದುವೆ ಎಂದು ರಜೆ. ಮಧ್ಯಾಹ್ನ ಫಕ್ಕೀರವ್ವ ಮಿನ್ನಿಯನ್ನು ಎತ್ತಿಕೊಂಡು ಸುಶೀಲವ್ವನ ಮನೆಗೆ ಹೋದಳು. ಕಾವೇರಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡಿದ್ದಳು. ಮೆಣಸಿನಕಾಯಿಯ ಮುಖವನ್ನೂ ನೋಡಿರಲಿಲ್ಲ. ಮನೆ ಗುಡಿಸಿ, ಪಾತ್ರೆ ತೊಳೆದು ತಿರುಗಿದರೆ ಮೂಲೆಯಲ್ಲಿ ಮಿನ್ನಿಯ ಕೌದಿ ಹಾಸಿತ್ತು.

ಅದು ಫಕ್ಕೀರವ್ವ ತನ್ನ ಕೈಯಾರೆ ಹೊಲಿದದ್ದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಸಣ್ಣ ಸಣ್ಣ ಹೊಲಿಗೆ ಹಾಕಿ, ಮೂಲೆಗೆ ಬಣ್ಣದ ತುಂಡು ಕೊಟ್ಟು ಚಂದ ಮಾಡಿದ್ದಳು. ಹೆತ್ತವಳು ದೂರ ಹೋಗುವಾಗ ಅವಳು ಉಟ್ಟ ಸೀರೆಯೊಂದನ್ನು ಒಗೆಯದೆ ಕೌದಿಯ ಒಳಗೆ ಇಡಬೇಕು, ಆಗ ತಾಯಿಯ ವಾಸನೆ ಹಿಡಿದು ಕೂಸು ಬೆದರದೆ ಮಲಗುತ್ತದೆ ಎಂಬುದು ಫಕ್ಕೀರವ್ವನ ತವರಿನ ಪದ್ಧತಿ. ಕಾವೇರಿ ಕೆಲಸಕ್ಕೆ ಹೊರಡುವ ಮೊದಲೇ ಅತ್ತೆ ಕೂತು ಹೊಲಿದು ಮುಗಿಸಿದ್ದಳು. ಕೂಸು ಒದ್ದೆ ಮಾಡಿದರೆ ಮೇಲಿನ ಬಟ್ಟೆ ಬದಲಾಗುತ್ತಿತ್ತು, ಕೌದಿಗೆ ಬಿಸಿಲು ಕಾಣಿಸಿದರೆ ಸಾಕಾಗುತ್ತಿತ್ತು.

ಮಗಳು ಸಿಗದಿದ್ದರೆ ಮಗಳ ಹಾಸಿಗೆಯಾದರೂ ಸಿಗಲಿ. ಕಾವೇರಿ ಅದರ ಮೇಲೆ ಕೆನ್ನೆಯಿಟ್ಟು ಮಲಗಿದಳು. ಎಣ್ಣೆ, ಗಂಜಿ, ಕೂಸಿನ ಉಚ್ಚೆಯ ವಾಸನೆ. ಎಷ್ಟೋ ದಿನದ ನಿದ್ದೆ ಒಮ್ಮೆಲೇ ಮೇಲೆ ಬಿತ್ತು.

ಎಚ್ಚರವಾದಾಗ ಸೆಕೆಗೆ ಮೈ ಬೆವತಿತ್ತು. ಕೆನ್ನೆ ಚುರುಗುಟ್ಟುತ್ತಿತ್ತು. ಕನ್ನಡಿ ನೋಡಿದಳು: ಕೌದಿಗೆ ತಾಗಿದ ಕೆನ್ನೆಯ ಮೇಲೆ ಕೆಂಪು ದದ್ದು, ಮಿನ್ನಿಗೆ ಎದ್ದಂಥವೇ.

ಅವಳು ತಿರುಗಿ ಕೌದಿಯನ್ನು ಕೈಯಿಂದ ಒತ್ತಿ ನೋಡಿದಳು. ಆಮೇಲೆ ಕುಡುಗೋಲು ತಂದು ಕೌದಿಯ ಒಂದು ಬದಿಯ ಹೊಲಿಗೆ ಬಿಚ್ಚಿದಳು. ಮೇಲೆ ಅತ್ತೆಯ ಸೀರೆ, ಅದರ ಕೆಳಗೆ ಇನ್ನೊಂದು, ನಡುವೆ ತನ್ನದೇ ಹಸಿರು ಸೀರೆ. ಹೋದ ಸುಗ್ಗಿಯಲ್ಲಿ ಪೂರ್ತಿ ಅದನ್ನೇ ಉಟ್ಟು ಕೆಲಸಕ್ಕೆ ಹೋಗಿದ್ದಳು. ಮಡಿಲಿನ ಕಡೆ ಹಸಿರು ಹೋಗಿ ಇಟ್ಟಿಗೆ ಬಣ್ಣ ಬಂದಿತ್ತು. ಕೊಡವಿದರೆ ಸಣ್ಣ ಪುಡಿ ಉದುರಿತು. ಸೀನು ಬಂತು.

ಫಕ್ಕೀರವ್ವ ಬಂದಾಗ ಕಾವೇರಿ ಬಿಚ್ಚಿದ ಕೌದಿಯ ಪಕ್ಕ ಕೂತಿದ್ದಳು.

"ಅಯ್ಯ, ಕೌದಿ ಯಾಕ ಹರದಿ? ತಲಿ ಕೆಟ್ಟೈತೇನು ನಿನಗ?"

ಕಾವೇರಿ ಕೆನ್ನೆ ತೋರಿಸಿದಳು. ಸೀರೆಯ ಮಡಿಲು ತೋರಿಸಿದಳು.

"ಸೀರಿ ಮ್ಯಾಲ ಅಂಗಿ ಹಾಕ್ಕೊಂಡು ಕೆಲಸಕ್ಕ ಕುಂದರತಿದ್ದಿ ನೀ," ಎಂದಳು ಫಕ್ಕೀರವ್ವ. ದನಿ ಇಳಿದಿತ್ತು. "ಮೈಲೇಶನ ಅಂಗಿ. ಅಂಗಿ ಅಷ್ಟ ಒಗದು ಇಟ್ಟೆ. ಸೀರಿ ಸ್ವಚ್ಛ ಇರತೈತಿ ಅಂತ... ವಾಸನಿ ಬರಲಿಲ್ಲ ನನಗ."

ಬರುವುದಾದರೂ ಹೇಗೆ? ಸುಗ್ಗಿಯಲ್ಲಿ ಈ ಸೀಮೆಯ ಗಾಳಿಯೇ ಮೆಣಸಿನಕಾಯಿ. ಇಲ್ಲಿಯ ಮೂಗಿಗೆ ಅದು ವಾಸನೆಯ ಲೆಕ್ಕಕ್ಕೇ ಬರುವುದಿಲ್ಲ.

ಫಕ್ಕೀರವ್ವ ಕೂಸನ್ನು ಕೆಳಗಿಳಿಸಿ ಕೂತಳು. ಸೀರೆಯ ಮಡಿಲಿಗೆ ಬೆರಳು ಒತ್ತಿ, ಆ ಬೆರಳನ್ನು ತನ್ನ ಕೆನ್ನೆಗೆ, ಸೋಪು ಸಹ ಮುಟ್ಟದ ಆ ಕೆನ್ನೆಗೆ, ಉಜ್ಜಿಕೊಂಡಳು. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೋ ಬೇರೆಯದಕ್ಕೋ ಎಂದು ಕೇಳುವ ಮನಸ್ಸು ಕಾವೇರಿಗೆ ಇರಲಿಲ್ಲ. ಗೆದ್ದೆ ಎಂದೂ ಅನ್ನಿಸಲಿಲ್ಲ. ತುಂಬಾ ದಣಿದಿದ್ದಳು.

"ನಿಮ್ಮ ಕೈಲೆ ಆಗಿದ್ದಲ್ಲ, ಅತ್ತಿ," ಎಂದಳು, ಹೇಳಲೇಬೇಕೆಂದು.

"ನನ್ನ ಕೈಲೇ ಆತು," ಎಂದ ಫಕ್ಕೀರವ್ವ ಹಿತ್ತಲಿಗೆ ಹೋಗಿ ಎಣ್ಣೆ, ಹಿಟ್ಟು, ಮಜ್ಜಿಗೆಯಲ್ಲಿ ಕೈ ತೊಳೆದು ಬಂದು ಮಿನ್ನಿಯನ್ನು ಎತ್ತಿ ಕಾವೇರಿಯ ಮಡಿಲಿಗೆ ಇಟ್ಟಳು. "ತಗೋ. ಕುಡಸು."

ಕಾವೇರಿ ಸೆರಗು ಸರಿಸಿದಳು. ಮಿನ್ನಿ ಅವಳ ಮುಖವನ್ನೇ ನೋಡಿ, ತುಟಿ ಸೊಟ್ಟ ಮಾಡಿ, ಜೋರಾಗಿ ಅತ್ತು, ಎರಡೂ ಕೈಗಳನ್ನು ಅಜ್ಜಿಯ ಕಡೆಗೆ ಚಾಚಿತು.

ಕಾವೇರಿ ಹೆದರಿದ್ದುದು ಇದಕ್ಕೇ. ಸುಗ್ಗಿ ಮುಗಿಯುವವರೆಗೂ ಕಾಯದೆ ಅದು ಆಗಿಹೋಗಿತ್ತು. ಕೂಸನ್ನು ತಿರುಗಿ ಕೊಟ್ಟುಬಿಡೋಣ ಎಂದು ಅವಳ ಕೈ ಸಡಿಲಾಯಿತು.

ಫಕ್ಕೀರವ್ವನ ಕೈಗಳು ತಾವಾಗಿಯೇ ಮುಂದೆ ಬಂದವು. ಅವಳು ಅವನ್ನು ಸೆರಗಿನೊಳಗೆ ಸುತ್ತಿಕೊಂಡಳು, ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮಿನ್ನಿ ಬಾಗಿಲು ನೋಡಿ ನೋಡಿ ಅತ್ತಿತು. ಕಾವೇರಿ ಅದನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯ ಉದ್ದಕ್ಕೂ ನಡೆದಳು, ಕೂತಳು, ಮತ್ತೆ ನಡೆದಳು. ಹೊರಗೆ ಸುಶೀಲವ್ವನ ದನಿ ಕೇಳಿಸಿತು.

"ಫಕ್ಕೀರವ್ವಾ, ಕೂಸು ಅಷ್ಟ ಅಳಾಕತ್ತೈತಿ, ಕಟ್ಟಿ ಮ್ಯಾಲ ಯಾಕ ಕುಂತಿ? ಒಳಗ ಹೋಗಿ ಎತ್ಕೋಬಾರದ?"

"ಅವರವ್ವ ಅದಾಳ ಒಳಗ," ಎಂದಳು ಫಕ್ಕೀರವ್ವ. ಅವಳು ಎದ್ದು ಬರಲಿಲ್ಲ.